ಸೀಲಿಯಾಕ್ ರೋಗಿಗೆ ಗೋಧಿ ಬೆರೆಯದ ಧಾನ್ಯ: ಹೊಲದಿಂದ ತಟ್ಟೆಯವರೆಗೆ

ನಮ್ಮ ರಾಜ್ಯದ ಹಳ್ಳಿಗಳಲ್ಲಿಯೂ ಗೋಧಿಯ ಬಳಕೆ ಹೆಚ್ಚಾಗಿದೆ. ಮುದ್ದೆ, ರೊಟ್ಟಿ ಉಣ್ಣುತ್ತಿದ್ದ ಮನೆಗಳಲ್ಲಿ ಚಪಾತಿ, ಉಪ್ಪಿಟ್ಟು, ಬ್ರೆಡ್ಡು, ಬಿಸ್ಕತ್ತುಗಳು ದಿನನಿತ್ಯದ ಆಹಾರವಾಗಿವೆ. ಗೋಧಿ ಉತ್ತಮ ಆಹಾರಧಾನ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಲವರ ದೇಹಕ್ಕೆ ಅದು ಸ್ವಲ್ಪವೂ ಒಗ್ಗುವುದಿಲ್ಲ. ಇಂಥವರಿಗೆ ಬರುವ ಕರುಳಿನ ರೋಗಕ್ಕೆ ಸೀಲಿಯಾಕ್ ರೋಗವೆಂದು ಹೆಸರು. ಈ ರೋಗವನ್ನು ಗುಣಪಡಿಸುವ ಮಾತ್ರೆಯಾಗಲಿ ಚುಚ್ಚುಮದ್ದಾಗಲಿ ಇಂದಿಗೂ ಇಲ್ಲ. ಗೋಧಿ ಬೆರೆಯದ ಆಹಾರವೇ ಇದಕ್ಕೆ ಇರುವ ಏಕಮಾತ್ರ ಔಷಧಿ, ಮತ್ತು ಅದನ್ನು ಜೀವನಪರ್ಯಂತ ಪಾಲಿಸಬೇಕು.

ಈ ಔಷಧಿ ನಮ್ಮ ರೈತರ ಹೊಲದಲ್ಲಿಯೇ ಬೆಳೆಯುತ್ತದೆ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಅಕ್ಕಿ ಇವೆಲ್ಲವೂ ಸೀಲಿಯಾಕ್ ರೋಗಿಗೆ ಯೋಗ್ಯವಾದ ಧಾನ್ಯಗಳು. ಆದರೆ ಹೊಲದಲ್ಲಿ ಶುದ್ಧವಾಗಿ ಬೆಳೆದ ಧಾನ್ಯವು ಕಣ, ಚೀಲ, ಗಿರಣಿ ಮತ್ತು ಅಡುಗೆಮನೆಗಳಲ್ಲಿ ಗೋಧಿಯೊಂದಿಗೆ ಬೆರೆತು ಕೆಡುತ್ತದೆ. ಹೀಗೆ ಬೆರೆಯುವುದು ಎಲ್ಲೆಲ್ಲಿ, ಅದನ್ನು ತಡೆಯುವುದು ಹೇಗೆ, ಮತ್ತು ಇಂಥ ರೋಗಿಯಿರುವ ಮನೆಯವರು ದಿನನಿತ್ಯ ಪಾಲಿಸಬೇಕಾದ ಕ್ರಮಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ರೋಗದ ಸ್ವರೂಪ

ಗೋಧಿ ಹಿಟ್ಟನ್ನು ಕಲಸಿ, ಉಂಡೆ ಮಾಡಿ, ನೀರಿನಲ್ಲಿ ಹಿಸುಕುತ್ತಾ ತೊಳೆದರೆ ಬಿಳಿಯ ಪಿಷ್ಟವೆಲ್ಲ ನೀರಿನೊಡನೆ ಹೋಗಿ, ಕೈಯಲ್ಲಿ ರಬ್ಬರಿನಂತೆ ಎಳೆಯಬಹುದಾದ ಅಂಟು ಪದಾರ್ಥ ಉಳಿಯುತ್ತದೆ. ಇದೇ ಗ್ಲೂಟೆನ್. ಇದು ಗೋಧಿಯ ಸಸಾರಜನಕದ ಮುಖ್ಯ ಭಾಗ. ಚಪಾತಿ ತೆಳ್ಳಗೆ ಲಟ್ಟಿಸಲು ಬರುವುದೂ, ಬ್ರೆಡ್ಡು ಉಬ್ಬುವುದೂ ಇದರಿಂದಲೇ. ರಾಗಿ ಅಥವಾ ಜೋಳದ ಹಿಟ್ಟನ್ನು ಹೀಗೆಯೇ ತೊಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಕೈಯಿಂದ ತಟ್ಟಿಯೇ ರೊಟ್ಟಿ ಮಾಡಬೇಕಾಗಿರುವುದು ಈ ಕಾರಣದಿಂದ.

ನಮ್ಮ ಸಣ್ಣ ಕರುಳಿನ ಒಳಮೈಯಲ್ಲಿ ಮಖಮಲ್ಲಿನ ಎಳೆಗಳಂತೆ ಅತಿ ಸೂಕ್ಷ್ಮವಾದ ಬೆರಳುಗಳಿರುತ್ತವೆ. ಬೇರಿನ ತುದಿಯ ರೋಮಗಳು ಮಣ್ಣಿನಿಂದ ನೀರು, ಪೋಷಕಾಂಶಗಳನ್ನು ಹೀರುವಂತೆ ಈ ಬೆರಳುಗಳು ಜೀರ್ಣವಾದ ಆಹಾರವನ್ನು ಹೀರಿ ರಕ್ತಕ್ಕೆ ಸೇರಿಸುತ್ತವೆ. ಸೀಲಿಯಾಕ್ ರೋಗಿಯ ದೇಹವು ಗ್ಲೂಟೆನ್ನನ್ನು ಶತ್ರುವೆಂದು ಭಾವಿಸುತ್ತದೆ, ಮತ್ತು ಆ ಹೋರಾಟದಲ್ಲಿ ತನ್ನದೇ ಕರುಳಿನ ಒಳಪದರವನ್ನು ಹಾಳುಮಾಡಿಕೊಳ್ಳುತ್ತದೆ. ಬೆರಳುಗಳು ಸವೆದು ಕರುಳಿನ ಒಳಮೈ ಚಪ್ಪಟೆಯಾಗುತ್ತದೆ. ಆಗ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಬೇರು ಕೊಳೆತ ಗಿಡಕ್ಕೆ ಗೊಬ್ಬರ ಹಾಕಿದಂತೆ ಆಗುತ್ತದೆ.

ಇದು ಅಂಟುರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ವಂಶವಾಹಿಗಳ ಮೂಲಕ ಈ ರೋಗಕ್ಕೆ ಒಳಗಾಗುವ ಗುಣ ಬರುತ್ತದೆ. ಆ ಗುಣವಿರುವವರೆಲ್ಲರಿಗೂ ರೋಗ ಬರುವುದಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ ರೋಗವಿರುವುದು ಖಚಿತವಾದರೆ ತಂದೆ, ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳು ಸಹ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ.

ಧಾನ್ಯವೇ ಕಾರಣವೆಂದು ತಿಳಿದುಬಂದ ಬಗೆ

1888ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯಲ್ ಗೀ ಎಂಬ ವೈದ್ಯರು ಈ ರೋಗವನ್ನು ವಿವರವಾಗಿ ವರ್ಣಿಸಿ, ಇದು ವಾಸಿಯಾಗುವುದಾದರೆ ಪಥ್ಯದಿಂದಲೇ ಎಂದು ಅಭಿಪ್ರಾಯಪಟ್ಟರು. ಆದರೆ ಯಾವ ಪಥ್ಯವೆಂಬುದು ಅವರಿಗೆ ಗೊತ್ತಾಗಲಿಲ್ಲ. ಅದನ್ನು ಕಂಡುಹಿಡಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ 1930ರ ದಶಕದಲ್ಲಿಯೇ ಸಂಶಯವಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಭೀಕರ ಕ್ಷಾಮ ತಲೆದೋರಿ ಬ್ರೆಡ್ಡು ಸಿಗದಂತಾಯಿತು. ಊರಿಗೆ ಊರೇ ಹಸಿವಿನಿಂದ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಸಿಕ್ಕಿದೊಡನೆ ರೋಗ ಮರುಕಳಿಸಿತು. 1950ರಲ್ಲಿ ಡಿಕೆ ತಮ್ಮ ಪ್ರೌಢಪ್ರಬಂಧದಲ್ಲಿ ಇದನ್ನು ನಿರೂಪಿಸಿದರು. ಗೋಧಿಯ ಗ್ಲೂಟೆನ್ ಭಾಗವೇ ಇದಕ್ಕೆ ಕಾರಣವೆಂದು ಮುಂದಿನ ವರ್ಷಗಳಲ್ಲಿ ಸ್ಥಿರಪಟ್ಟಿತು.

ನಮ್ಮ ದೇಶದಲ್ಲಿ ಸ್ಥಿತಿ

2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ದೇಶದ ಮೂರು ಭಾಗಗಳ 23,000ಕ್ಕೂ ಹೆಚ್ಚು ವಯಸ್ಕರ ರಕ್ತವನ್ನು ಪರೀಕ್ಷಿಸಲಾಯಿತು. ಈ ರೋಗದ ಗುರುತಾದ ಪ್ರತಿಕಾಯಗಳು ಉತ್ತರ ಭಾರತದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87 ಮತ್ತು ದಕ್ಷಿಣದಲ್ಲಿ ಶೇ. 0.10 ಜನರಲ್ಲಿ ಕಂಡುಬಂದವು. ದಿನಕ್ಕೆ ಒಬ್ಬರು ಸೇವಿಸುವ ಗೋಧಿಯ ಪ್ರಮಾಣ ಉತ್ತರದಲ್ಲಿ 455 ಗ್ರಾಂ, ಈಶಾನ್ಯದಲ್ಲಿ 37 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ ಇತ್ತು.

ನಮ್ಮ ಕಡೆ ರೋಗ ಕಡಿಮೆಯೆಂದು ಸಮಾಧಾನಪಡುವಂತಿಲ್ಲ. ಅಪರೂಪವಾದ ಕಾರಣ ಇದರ ಸಂಶಯವೇ ಬರುವುದಿಲ್ಲ. ರೋಗ ಪತ್ತೆಯಾಗುವಷ್ಟರಲ್ಲಿ ಮಗುವಿನ ಬೆಳೆಯುವ ವರ್ಷಗಳು ಕಳೆದುಹೋಗಿರುತ್ತವೆ. ಗೋಧಿಯ ಬಳಕೆ ಹೆಚ್ಚುತ್ತಿರುವುದರಿಂದಲೂ, ವಿಜಯಪುರ, ಬಾಗಲಕೋಟೆ, ಧಾರವಾಡ, ಗದಗ, ಬೆಳಗಾವಿ ಜಿಲ್ಲೆಗಳಲ್ಲಿ ಹಿಂಗಾರಿ ಗೋಧಿಯನ್ನು ಬೆಳೆದು ಉಣ್ಣುತ್ತಿರುವುದರಿಂದಲೂ ನಮ್ಮ ರೈತ ಕುಟುಂಬಗಳು ಈ ವಿಷಯ ತಿಳಿದಿರುವುದು ಒಳ್ಳೆಯದು.

ರೋಗದ ಲಕ್ಷಣಗಳು

ಮಕ್ಕಳಲ್ಲಿ: ತಿಂಗಳುಗಟ್ಟಲೆ ನಿಲ್ಲದ ಭೇದಿ ಅಥವಾ ದುರ್ವಾಸನೆಯ ಜಿಡ್ಡು ಮಲ, ಊದಿದ ಹೊಟ್ಟೆ, ತೆಳುವಾದ ಕೈಕಾಲು, ವಯಸ್ಸಿಗೆ ತಕ್ಕ ಎತ್ತರ ಹಾಗೂ ತೂಕ ಬಾರದಿರುವುದು, ಸಿಡುಕು.

ದೊಡ್ಡವರಲ್ಲಿ: ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ನೀಗದ ರಕ್ತಹೀನತೆ, ಬೇಗ ಆಯಾಸ, ಮೂಳೆನೋವು, ಪದೇ ಪದೇ ಬಾಯಿಹುಣ್ಣು, ಹೊಟ್ಟೆಯುಬ್ಬರ, ಮೊಣಕೈ ಮೊಣಕಾಲುಗಳ ಮೇಲೆ ತುರಿಕೆಯ ಗುಳ್ಳೆಗಳು. ಹೆಂಗಸರಲ್ಲಿ ಗರ್ಭ ನಿಲ್ಲದಿರುವುದೂ ಉಂಟು. ಕೆಲವರಿಗೆ ಭೇದಿ ಇರುವುದೇ ಇಲ್ಲ, ರಕ್ತಹೀನತೆಯೊಂದೇ ಲಕ್ಷಣವಾಗಿರಬಹುದು.

ಇವೇ ಲಕ್ಷಣಗಳು ಜಂತುಹುಳು, ಕ್ಷಯ ಮೊದಲಾದ ಬೇರೆ ಕಾರಣಗಳಿಂದಲೂ ಬರುವುದರಿಂದ ತಾವಾಗಿಯೇ ನಿರ್ಧರಿಸಬಾರದು. ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಮೊದಲು ರಕ್ತಪರೀಕ್ಷೆ, ಅನಂತರ ಅಗತ್ಯವಿದ್ದರೆ ಬಾಯಿಯ ಮೂಲಕ ನಳಿಕೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ಇಲ್ಲಿ ಒಂದು ಮುಖ್ಯ ಎಚ್ಚರಿಕೆಯಿದೆ. ಪರೀಕ್ಷೆಗಳು ಮುಗಿಯುವವರೆಗೆ ಗೋಧಿ ತಿನ್ನುವುದನ್ನು ನಿಲ್ಲಿಸಬಾರದು. ಮೊದಲೇ ನಿಲ್ಲಿಸಿದರೆ ಕರುಳು ಸುಧಾರಿಸಿ, ರೋಗವಿದ್ದರೂ ಪರೀಕ್ಷೆಯಲ್ಲಿ ಇಲ್ಲವೆಂದು ಬರುವ ಸಂಭವವಿದೆ.

ಯಾವುದು ಯೋಗ್ಯ, ಯಾವುದು ವರ್ಜ್ಯ

ಪೂರ್ಣ ವರ್ಜ್ಯ: ಗೋಧಿ ಮತ್ತು ಅದರಿಂದಾದ ಮೈದಾ, ಚಿರೋಟಿ ರವೆ, ಬನ್ಸಿ ರವೆ, ಗೋಧಿ ಶಾವಿಗೆ, ಬಾರ್ಲಿ ಮತ್ತು ಬಾರ್ಲಿಯ ಮಾಲ್ಟ್, ರೈ, ಗೋಧಿ ಮತ್ತು ರೈ ಕೂಡಿಸಿ ಪಡೆದ ಟ್ರಿಟಿಕೇಲ್.

ಯೋಗ್ಯ: ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಬರಗು, ಊದಲು, ಮುಸುಕಿನ ಜೋಳ, ರಾಜಗಿರಿ, ಎಲ್ಲ ಬೇಳೆಕಾಳುಗಳು, ಶೇಂಗಾ, ಎಳ್ಳು, ತರಕಾರಿ, ಸೊಪ್ಪು, ಹಣ್ಣು, ಗೆಡ್ಡೆಗೆಣಸು, ಹಾಲು, ಮೊಸರು, ತುಪ್ಪ, ಮೊಟ್ಟೆ, ಮೀನು, ಮಾಂಸ, ಬೆಲ್ಲ, ಸಕ್ಕರೆ.

ಓಟ್ಸ್ ಬಗ್ಗೆ: ಇದರ ಸಸಾರಜನಕ ಬೇರೆ ಬಗೆಯದು, ಬಹುಮಂದಿ ರೋಗಿಗಳಿಗೆ ತೊಂದರೆ ಮಾಡುವುದಿಲ್ಲ. ಆದರೆ ಮಾರುಕಟ್ಟೆಯ ಓಟ್ಸ್‌ನಲ್ಲಿ ಗೋಧಿ, ಬಾರ್ಲಿ ಬೆರೆತಿರುವುದು ಸಾಮಾನ್ಯ. ವೈದ್ಯರನ್ನು ಕೇಳದೆ ಉಪಯೋಗಿಸಬಾರದು.

ಹಳೆಯ ತಳಿಯ ಗೋಧಿ ತಿಂದರೆ ತೊಂದರೆಯಿಲ್ಲವೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ಸದಕ ಅಥವಾ ಕಪ್ಲಿ ಗೋಧಿ, ಬನ್ಸಿ ಗೋಧಿ, ಹೊಸ ಗಿಡ್ಡ ತಳಿಗಳು, ನಾಟಿ ತಳಿಗಳು ಇವೆಲ್ಲದರಲ್ಲಿಯೂ ಗ್ಲೂಟೆನ್ ಇದೆ. ಸಾವಯವ ಪದ್ಧತಿಯಲ್ಲಿ ಬೆಳೆದರೂ ಇರುತ್ತದೆ. ಜವೆಗೋಧಿ ಎಂಬ ಹೆಸರು ಕೆಲವೆಡೆ ಬಾರ್ಲಿಗೂ ಕೆಲವೆಡೆ ಸದಕಕ್ಕೂ ಸಲ್ಲುತ್ತದೆ, ಎರಡೂ ವರ್ಜ್ಯವೇ. ಸಕ್ಕರೆ ಕಾಯಿಲೆಯವರಿಗೆ ಹೇಳಿದ ಸಲಹೆಯನ್ನು ಸೀಲಿಯಾಕ್ ರೋಗಿಗೆ ಅನ್ವಯಿಸಬಾರದು.

ಐದು ಕಾಳಿನ ಲೆಕ್ಕ

ಒಂದು ಕಿಲೋ ಆಹಾರದಲ್ಲಿ 20 ಮಿ.ಗ್ರಾಂ. ಮೀರದಷ್ಟು ಗ್ಲೂಟೆನ್ ಇದ್ದರೆ ಮಾತ್ರ ಅದನ್ನು ಗ್ಲೂಟೆನ್ ರಹಿತವೆಂದು ಕರೆಯಬಹುದೆಂದು ಅಂತರರಾಷ್ಟ್ರೀಯ ನಿಯಮವೂ, ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮವೂ ಹೇಳುತ್ತವೆ. ಈ 20 ಮಿ.ಗ್ರಾಂ. ಎಂದರೆ ಎಷ್ಟು ಎಂಬುದನ್ನು ರೈತರಿಗೆ ಪರಿಚಿತವಾದ ಲೆಕ್ಕದಲ್ಲಿ ನೋಡೋಣ.

ಸಾವಿರ ಗೋಧಿ ಕಾಳುಗಳ ತೂಕ ಸುಮಾರು 40 ಗ್ರಾಂ. ಅಂದರೆ ಒಂದು ಕಾಳಿನ ತೂಕ 40 ಮಿ.ಗ್ರಾಂ. ಇದರಲ್ಲಿ ಹತ್ತನೆಯ ಒಂದು ಭಾಗ ಗ್ಲೂಟೆನ್ ಎಂದು ಹಿಡಿದರೆ ಒಂದು ಕಾಳಿನಲ್ಲಿ 4 ಮಿ.ಗ್ರಾಂ. ಆಯಿತು. ಹೀಗಾಗಿ ಒಂದು ಕಿಲೋ ಜೋಳದಲ್ಲಿ ಐದು ಗೋಧಿ ಕಾಳು ಸೇರಿದರೆ ಮಿತಿ ಮುಟ್ಟಿತು. ಆರನೆಯ ಕಾಳು ಬಿದ್ದರೆ ಮಿತಿ ಮೀರಿತು.

2007ರಲ್ಲಿ ಇಟಲಿಯ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ, ಪಥ್ಯದಲ್ಲಿದ್ದ ರೋಗಿಗಳು ದಿನಕ್ಕೆ 50 ಮಿ.ಗ್ರಾಂ. ಗ್ಲೂಟೆನ್ನನ್ನು ಮೂರು ತಿಂಗಳು ಸೇವಿಸಿದಾಗ ಕರುಳಿನ ಒಳಪದರ ಕೆಡತೊಡಗಿತು. ಇದು ಕೇವಲ 12-13 ಗೋಧಿ ಕಾಳುಗಳಲ್ಲಿರುವ ಪ್ರಮಾಣ. ದಿನಕ್ಕೆ 10 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಬಹುಮಂದಿಗೆ ಹಾನಿಯಿಲ್ಲವೆಂದು ಪರಿಗಣಿಸಲಾಗಿದೆ. 30 ಗ್ರಾಂ. ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 3,000 ಮಿ.ಗ್ರಾಂ. ಗ್ಲೂಟೆನ್ ಇರುತ್ತದೆ. “ಹಬ್ಬದ ದಿನ ಒಂದು ತಿಂದರೆ ಏನಾದೀತು” ಎಂಬ ಮಾತಿಗೆ ಈ ಲೆಕ್ಕವೇ ಉತ್ತರ. ತಿಂದ ದಿನ ಹೊಟ್ಟೆನೋವು ಬಾರದಿದ್ದರೂ ಕರುಳಿಗೆ ಹಾನಿಯಾಗಿರುತ್ತದೆ.

ಬೀಜೋತ್ಪಾದನೆ ಮಾಡುವ ರೈತರು ಅನ್ಯ ಬೆಳೆಯ ಕಾಳುಗಳನ್ನು ಕಿಲೋ ಲೆಕ್ಕದಲ್ಲಿ ಎಣಿಸಿ ಶುದ್ಧತೆ ಕಾಯ್ದುಕೊಳ್ಳುತ್ತಾರೆ. ಸೀಲಿಯಾಕ್ ರೋಗಿಯ ಧಾನ್ಯವನ್ನೂ ಇದೇ ಶಿಸ್ತಿನಿಂದ ನೋಡಿಕೊಳ್ಳಬೇಕು.

ಹೊಲದಲ್ಲಿ ಮತ್ತು ಕಣದಲ್ಲಿ

ಒಬ್ಬ ವಯಸ್ಕನಿಗೆ ದಿನಕ್ಕೆ 400 ಗ್ರಾಂ. ಧಾನ್ಯವೆಂದರೆ ವರ್ಷಕ್ಕೆ ಸುಮಾರು ಒಂದೂವರೆ ಕ್ವಿಂಟಾಲ್ ಬೇಕು. ಮಳೆಯಾಶ್ರಯದಲ್ಲಿ ಎಕರೆಗೆ 8 ಕ್ವಿಂಟಾಲ್ ರಾಗಿ ಬಂದರೆ 10 ಗುಂಟೆಯಲ್ಲಿ 2 ಕ್ವಿಂಟಾಲ್ ಸಿಗುತ್ತದೆ. ಅಂದರೆ ರೋಗಿಯ ಇಡೀ ವರ್ಷದ ಧಾನ್ಯವನ್ನು 10 ಗುಂಟೆ ಜಮೀನಿನಲ್ಲಿ ಬೆಳೆದುಕೊಳ್ಳಬಹುದು. ಈ ತಾಕನ್ನು ಮೊದಲೇ ಗುರುತಿಸಿ ಪ್ರತ್ಯೇಕವಾಗಿ ನೋಡಿಕೊಳ್ಳುವುದು ಅತ್ಯುತ್ತಮ ಕ್ರಮ. 8 ಸಾಲು ರಾಗಿಗೆ 2 ಸಾಲು ತೊಗರಿ ಹಾಕಿದರೆ ಬೇಳೆಯೂ ಅಲ್ಲಿಯೇ ದೊರೆಯುತ್ತದೆ. ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಹಿಂದಿನ ಹಿಂಗಾರಿಯಲ್ಲಿ ಗೋಧಿ ಬೆಳೆದಿರದ ತಾಕನ್ನು ಆರಿಸಿಕೊಳ್ಳಬೇಕು. ಉದುರಿದ ಕಾಳಿನಿಂದ ತಾನಾಗಿ ಹುಟ್ಟಿದ ಗೋಧಿ ಗಿಡ ಕಂಡರೆ ತೆನೆ ಬಲಿಯುವ ಮೊದಲೇ ಕಿತ್ತುಹಾಕಬೇಕು.

2. ಹಿಂಗಾರಿ ಜೋಳ ಸಾಮಾನ್ಯವಾಗಿ ಗೋಧಿಗಿಂತ ಮೊದಲು ಬಿತ್ತನೆಯಾಗುತ್ತದೆ. ಜೋಳದ ರಾಶಿಯನ್ನು ಮೊದಲು ಮುಗಿಸಿ, ಧಾನ್ಯವನ್ನು ಮನೆಗೆ ಸಾಗಿಸಿದ ಮೇಲೆಯೇ ಅದೇ ಕಣದಲ್ಲಿ ಗೋಧಿ ರಾಶಿ ಮಾಡಬೇಕು.

3. ರಾಶಿ ಯಂತ್ರ ಅಥವಾ ಕೊಯ್ಲು ಯಂತ್ರ ಗೋಧಿ ಹೊಲದಿಂದ ನೇರವಾಗಿ ಬಂದಿದ್ದರೆ ಜರಡಿ ಬಿಚ್ಚಿ, ಗುಡಿಸಿ, ಗಾಳಿ ಹಾಯಿಸಿ ಸ್ವಚ್ಛಗೊಳಿಸಬೇಕು. ಅನಂತರ ಬರುವ ಮೊದಲ ಒಂದು ಚೀಲವನ್ನು ಮನೆಯ ಉಳಿದವರಿಗೆ ಅಥವಾ ದನಗಳಿಗೆ ಬೇರೆ ಇಡಬೇಕು. ಸ್ವಲ್ಪವೇ ಧಾನ್ಯವಾದರೆ ತಾಡಪಾಲಿನ ಮೇಲೆ ಕೈಯಿಂದ ಬಡಿದು ಒಕ್ಕುವುದು ಎಲ್ಲಕ್ಕಿಂತ ಸುರಕ್ಷಿತ.

4. ಗೋಧಿ ತುಂಬಿದ್ದ ಹಳೆಯ ಗೋಣಿಚೀಲ, ಹಗೇವು, ಕಣಜಗಳನ್ನು ಬಳಸಬಾರದು. ಹೊಸ ಚೀಲ ಅಥವಾ ತೊಳೆದು ಒಣಗಿಸಿದ ಮುಚ್ಚಳದ ಡಬ್ಬಿಗಳಲ್ಲಿ ತುಂಬಿ ಗುರುತು ಬರೆಯಬೇಕು.

5. ರೋಗಿಯು ಸ್ವತಃ ರೈತನಾಗಿದ್ದರೆ ಗೋಧಿ ರಾಶಿಯ ಮತ್ತು ಗೋಧಿ ಮೇವಿನ ಧೂಳಿನಿಂದ ದೂರವಿರಬೇಕು. ಪಥ್ಯ ಪಾಲಿಸುತ್ತಿದ್ದರೂ ಗುಣ ಕಾಣದ ಇಬ್ಬರು ರೈತರಲ್ಲಿ ಪಶು ಆಹಾರದ ಧೂಳು ಬಾಯಿ ಸೇರುತ್ತಿದ್ದುದೇ ಕಾರಣವೆಂದು 2007ರಲ್ಲಿ ವಿದೇಶದ ವೈದ್ಯರು ವರದಿ ಮಾಡಿದ್ದಾರೆ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಗೋಧಿ ಬೂಸಾ ಹಾಕಿದ ಮೇಲೆ ಕೈ, ಮುಖ ತೊಳೆಯಬೇಕು. ಬೂಸಾ ತಿಂದ ಹಸುವಿನ ಹಾಲಿನಿಂದ ತೊಂದರೆಯಿಲ್ಲ.

ಧಾನ್ಯ ಹಸನು ಮಾಡುವುದು

ಗಾತ್ರದಲ್ಲಿ ಗೋಧಿಗಿಂತ ಬಹಳ ಸಣ್ಣದಾದ ಅಥವಾ ದೊಡ್ಡದಾದ ಕಾಳನ್ನು ಹಸನು ಮಾಡುವುದು ಸುಲಭ. ರಾಗಿ, ನವಣೆ, ಸಾಮೆಗಳನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಆಡಿಸಿದರೆ ಅವು ಕೆಳಗೆ ಬಿದ್ದು ಗೋಧಿ ಕಾಳು ಮೇಲೆ ಉಳಿಯುತ್ತದೆ. ಕಡಲೆಯಲ್ಲಿ ಇದಕ್ಕೆ ವಿರುದ್ಧ. ಗೋಧಿ ಕೆಳಗೆ ಬೀಳುತ್ತದೆ. ಜೋಳದ ಕಾಳು ಮಾತ್ರ ಗಾತ್ರದಲ್ಲಿಯೂ ತೂಕದಲ್ಲಿಯೂ ಗೋಧಿಗೆ ಹತ್ತಿರವಾದುದರಿಂದ ಜರಡಿಗಾಗಲಿ ತೂರುವುದಕ್ಕಾಗಲಿ ಸಿಗುವುದಿಲ್ಲ. ಜೋಳವನ್ನು ಮೊರದಲ್ಲಿ ಹರಡಿ ಕಣ್ಣಿಟ್ಟು ಆರಿಸಲೇಬೇಕು; ಜೋಳ ಗುಂಡಗೆ, ಗೋಧಿ ಉದ್ದಕ್ಕೆ ಇರುವುದರಿಂದ ಗುರುತಿಸುವುದು ಕಷ್ಟವಲ್ಲ. ಪೇಟೆಯಿಂದ ತಂದ ಧಾನ್ಯವಾದರೆ ಆರಿಸಿದ ಮೇಲೆ ಎರಡು ಮೂರು ನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಕಾಳಿಗೆ ಅಂಟಿದ ಹಿಟ್ಟು, ಧೂಳು ಇದರಿಂದ ಹೋಗುತ್ತವೆ.

ಗಿರಣಿಯಲ್ಲಿ ಎಚ್ಚರಿಕೆ

ಹೊಲದಲ್ಲಿ ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದು ಹೆಚ್ಚಾಗಿ ಹಿಟ್ಟಿನ ಗಿರಣಿಯಲ್ಲಿಯೇ. ಹಿಂದಿನವರು ಗೋಧಿ ಬೀಸಿಸಿ ಹೋದ ಮೇಲೆ ಕಲ್ಲಿನ ಸಂದಿಯಲ್ಲಿ, ಪೆಟ್ಟಿಗೆಯಲ್ಲಿ, ಬಟ್ಟೆಯ ಚೀಲದಲ್ಲಿ 100 ಗ್ರಾಂ. ಹಿಟ್ಟು ಉಳಿದಿದೆ ಎನ್ನೋಣ. ನಮ್ಮ 5 ಕಿಲೋ ರಾಗಿ ಹಿಟ್ಟಿಗೆ ಅದು ಸೇರಿದರೆ ಕಿಲೋಗೆ ಸುಮಾರು 2,000 ಮಿ.ಗ್ರಾಂ. ಗ್ಲೂಟೆನ್ ಆಯಿತು. ಇದು ಮಿತಿಯ ನೂರು ಪಟ್ಟು. ಪಥ್ಯ ಮಾಡಿದರೂ ಮಗು ಚೇತರಿಸಿಕೊಳ್ಳುತ್ತಿಲ್ಲವೆಂದಾಗ ಮೊದಲು ನೋಡಬೇಕಾದದ್ದು ಗಿರಣಿಯನ್ನು.

ಮನೆಯಲ್ಲಿ ಬೀಸುವ ಕಲ್ಲು ಇದ್ದರೆ ಅದನ್ನು ತೊಳೆದು ರೋಗಿಯ ಧಾನ್ಯಕ್ಕೇ ಮೀಸಲಿಡಬೇಕು. ಅನುಕೂಲವಿದ್ದವರು ಮನೆಬಳಕೆಯ ಸಣ್ಣ ಗಿರಣಿ ಕೊಳ್ಳಬಹುದು. ರಾಗಿ ಅಥವಾ ಅಕ್ಕಿಯನ್ನಷ್ಟೇ ಬೀಸುವ ಗಿರಣಿ ಊರಿನಲ್ಲಿದ್ದರೆ ಅಲ್ಲಿಗೇ ಹೋಗಬೇಕು. ಇವು ಯಾವುವೂ ಸಾಧ್ಯವಿಲ್ಲದಿದ್ದಾಗ ಗಿರಣಿಯವರಿಗೆ ವಿಷಯ ತಿಳಿಸಿ, ಕಲ್ಲು ಬಿಚ್ಚಿ ಸ್ವಚ್ಛಗೊಳಿಸಿದ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬೀಸಿಸಬೇಕು. ಮೊದಲು ಎರಡು ಕಿಲೋ ಅಕ್ಕಿ ಅಥವಾ ಜೋಳ ಹಾಕಿ ಬೀಸಿಸಿ ಆ ಹಿಟ್ಟನ್ನು ದನಗಳಿಗೆ ತೆಗೆದಿಡಬೇಕು. ಈ ಕೊನೆಯ ಕ್ರಮದಿಂದ ಬೆರಕೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಆದುದರಿಂದ ಇದನ್ನು ತಾತ್ಕಾಲಿಕ ಏರ್ಪಾಡೆಂದೇ ತಿಳಿಯಬೇಕು. ಸಜ್ಜೆ ಹಿಟ್ಟು ಬೇಗ ಕಹಿಯಾಗುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಬೀಸಿಸಬೇಕು.

ಅಡುಗೆಮನೆಯಲ್ಲಿ

ಮನೆಮಂದಿಯೆಲ್ಲ ಗೋಧಿ ಬಿಟ್ಟು ಅನ್ನ, ಮುದ್ದೆ, ರೊಟ್ಟಿಗೆ ಹೊಂದಿಕೊಂಡರೆ ಅರ್ಧ ಚಿಂತೆ ತಪ್ಪುತ್ತದೆ. ಮಗುವಿಗೂ ತಾನೊಬ್ಬನೇ ಬೇರೆ ಎನಿಸುವುದಿಲ್ಲ. ಗೋಧಿಯನ್ನು ಬಿಡಲಾಗದ ಮನೆಗಳಲ್ಲಿ ಈ ಕ್ರಮಗಳನ್ನು ಅನುಸರಿಸಬೇಕು.

1. ಹಿಟ್ಟಿನ ಜರಡಿ, ಮೊರ, ಲಟ್ಟಣಿಗೆ, ಮಣೆ, ಮರದ ಸೌಟು ಮತ್ತು ಹಂಚು ರೋಗಿಗೆ ಪ್ರತ್ಯೇಕವಾಗಿರಬೇಕು. ಇವುಗಳ ಸಂದಿಯಲ್ಲಿ ಸೇರಿದ ಹಿಟ್ಟು ತೊಳೆದರೂ ಹೋಗುವುದಿಲ್ಲ. ಸ್ಟೀಲಿನ ಪಾತ್ರೆ, ತಟ್ಟೆಗಳನ್ನು ಚೆನ್ನಾಗಿ ತೊಳೆದು ಬಳಸಬಹುದು.

2. ರೋಗಿಯ ಅಡುಗೆಯನ್ನು ಮೊದಲು ಮಾಡಿ ಮುಚ್ಚಿಟ್ಟು, ಗೋಧಿಯ ಅಡುಗೆಯನ್ನು ಆಮೇಲೆ ಮಾಡಬೇಕು.

3. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ, ಸಂಡಿಗೆ ಕರಿದು ಕೊಡಬಾರದು. ರವೆ ದೋಸೆ ಹುಯ್ದ ಹಂಚಿನಲ್ಲಿ ಅಕ್ಕಿ ದೋಸೆ ಹುಯ್ಯಬಾರದು.

4. ಚಪಾತಿ ಮುರಿದ ಕೈಯನ್ನು ಉಪ್ಪಿನಕಾಯಿ ಜಾಡಿಗೆ, ಬೆಲ್ಲದ ಡಬ್ಬಿಗೆ, ಪಲ್ಯದ ಪಾತ್ರೆಗೆ ಹಾಕಬಾರದು.

ಅಡಗಿರುವ ಗೋಧಿ

ಕಣ್ಣಿಗೆ ಕಾಣುವ ಗೋಧಿಗಿಂತ ಕಾಣದ ಗೋಧಿ ಹೆಚ್ಚು ಅಪಾಯಕಾರಿ. ನಮ್ಮ ಅಡುಗೆಯಲ್ಲಿ ಮೊದಲನೆಯ ಅಪರಾಧಿ ಹಿಂಗು. ಅಂಗಡಿಯಲ್ಲಿ ಸಿಗುವ ಹಿಂಗು ಸಾಮಾನ್ಯವಾಗಿ ಗೋಂದು ಮತ್ತು ಮೈದಾ ಬೆರೆಸಿ ಮಾಡಿದ್ದು. ಈ ಹಿಂಗು ಸೇರಿದ ಸಾರಿನ ಪುಡಿ, ಸಾಂಬಾರು ಪುಡಿ, ಉಪ್ಪಿನಕಾಯಿ, ಹಪ್ಪಳಗಳೂ ವರ್ಜ್ಯ. ಹಿಂಗನ್ನು ಬಿಟ್ಟು ಬೆಳ್ಳುಳ್ಳಿ, ಜೀರಿಗೆಯ ಒಗ್ಗರಣೆ ಹಾಕಬೇಕು. ಪುಡಿಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕು. ಅಕ್ಕಿ ಹಿಟ್ಟು ಬೆರೆಸಿದ ಹಿಂಗು ಸಿಕ್ಕಿದರೆ ಪೊಟ್ಟಣ ಓದಿ ಕೊಳ್ಳಬಹುದು.

ರಾಗಿ ಬಿಸ್ಕತ್ತು, ರಾಗಿ ಶಾವಿಗೆ, ಬಹುಧಾನ್ಯದ ಹಿಟ್ಟು, ಸಿರಿಧಾನ್ಯದ ಬ್ರೆಡ್ಡು ಎಂಬ ಹೆಸರುಗಳನ್ನು ನೋಡಿ ಮೋಸಹೋಗಬಾರದು. ಇವುಗಳಲ್ಲಿ ಬಹಳಷ್ಟಕ್ಕೆ ಗೋಧಿ ಅಥವಾ ಮೈದಾ ಸೇರಿರುತ್ತದೆ. ಮನೆಯಲ್ಲಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಡಿದ ರಾಗಿ ಮಾಲ್ಟ್ ಉತ್ತಮ. ಬಾರ್ಲಿ ಮಾಲ್ಟ್ ಇರುವ ಪಾನೀಯದ ಪುಡಿಗಳು ವರ್ಜ್ಯ. ಬಿಡಿಯಾಗಿ ಮಾರುವ ಕಡಲೆಹಿಟ್ಟು, ಹೋಟೆಲಿನ ಗಟ್ಟಿ ಸಾಂಬಾರು, ಸೋಯಾ ಸಾಸ್ ಇವೂ ಸಂಶಯಾಸ್ಪದ. ಪೊಟ್ಟಣದ ಆಹಾರದ ಮೇಲೆ ಗ್ಲೂಟೆನ್ ಧಾನ್ಯ ಇರುವುದನ್ನು ಮುದ್ರಿಸಬೇಕೆಂಬ ನಿಯಮವಿದೆ. ಓದಲು ಬಾರದ ಹಿರಿಯರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಬೇಕು. ಔಷಧಿ ಅಂಗಡಿಯಲ್ಲಿಯೂ ರೋಗದ ವಿಷಯ ತಿಳಿಸಿಯೇ ಮಾತ್ರೆ ಕೊಳ್ಳಬೇಕು.

ಪೌಷ್ಟಿಕತೆ

ರೋಗ ಪತ್ತೆಯಾಗುವ ವೇಳೆಗೆ ರೋಗಿಯಲ್ಲಿ ಕಬ್ಬಿಣ, ಸುಣ್ಣ ಮತ್ತು ಜೀವಸತ್ವಗಳ ಕೊರತೆ ಇರುತ್ತದೆ. ಗೋಧಿ ಬಿಟ್ಟು ಬರೀ ಬಿಳಿ ಅನ್ನವನ್ನೇ ಉಣ್ಣಿಸಿದರೆ ಈ ಕೊರತೆ ತುಂಬುವುದಿಲ್ಲ. 100 ಗ್ರಾಂ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಣ್ಣದ ಅಂಶ 7-8 ಮಿ.ಗ್ರಾಂ. ಮಾತ್ರ, ರಾಗಿಯಲ್ಲಿ 364 ಮಿ.ಗ್ರಾಂ. ಇದೆ. ಅಕ್ಕಿಯಲ್ಲಿ ಕಬ್ಬಿಣ 0.65 ಮಿ.ಗ್ರಾಂ. ಇದ್ದರೆ ಸಜ್ಜೆಯಲ್ಲಿ 6.4 ಮಿ.ಗ್ರಾಂ. ಇದೆ. ಮೊಳಕೆ ಕಟ್ಟುವುದರಿಂದ, ಅಂಬಲಿಯಂತೆ ಹುಳಿ ಬರಿಸುವುದರಿಂದ ಈ ಲವಣಗಳು ದೇಹಕ್ಕೆ ಇನ್ನೂ ಚೆನ್ನಾಗಿ ಒದಗುತ್ತವೆ.

ಒಂದು ದಿನದ ಆಹಾರ ಹೀಗಿರಬಹುದು. ಬೆಳಿಗ್ಗೆ ರಾಗಿ ಮಾಲ್ಟಿನ ಗಂಜಿ, ಇಡ್ಲಿ ಅಥವಾ ಅಕ್ಕಿ ತರಿಯ ಉಪ್ಪಿಟ್ಟು. ಮಧ್ಯಾಹ್ನ ಮುದ್ದೆ ಅಥವಾ ಜೋಳದ ರೊಟ್ಟಿ, ಸೊಪ್ಪುಬೇಳೆ, ನಿಂಬೆಹಣ್ಣು. ಸಂಜೆ ಶೇಂಗಾ ಉಂಡೆ ಇಲ್ಲವೆ ಬಾಳೆಹಣ್ಣು. ರಾತ್ರಿ ನವಣೆ ಅನ್ನ, ಕಾಳಿನ ಸಾರು, ಮಜ್ಜಿಗೆ, ಅನುಕೂಲವಿದ್ದರೆ ಮೊಟ್ಟೆ. ಮೊದಲ ಕೆಲವು ವಾರಗಳಲ್ಲಿ ಹಾಲು ಜೀರ್ಣವಾಗದಿರಬಹುದು. ಕರುಳು ಸುಧಾರಿಸಿದಂತೆ ಅದು ಸರಿಹೋಗುತ್ತದೆ. ವೈದ್ಯರು ಬರೆದುಕೊಟ್ಟ ಕಬ್ಬಿಣ, ಸುಣ್ಣದ ಮಾತ್ರೆಗಳನ್ನು ಬಿಡಬಾರದು. ಆರು ತಿಂಗಳಿಗೆ, ಅನಂತರ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ಮಗುವಿನ ಎತ್ತರ, ತೂಕಗಳನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ ಪಥ್ಯ ಸರಿಯಾಗಿ ನಡೆಯುತ್ತಿದೆಯೇ ಎಂಬುದು ಮನೆಯಲ್ಲಿಯೇ ತಿಳಿಯುತ್ತದೆ.

ಹಬ್ಬ, ಶಾಲೆ, ಮದುವೆ

ಹೋಳಿಗೆ, ಗೋಧಿ ಹುಗ್ಗಿ, ಮಾದಲಿ, ಸಜ್ಜಿಗೆ ಪ್ರಸಾದ ಇವೆಲ್ಲ ಗೋಧಿಯವೇ. ಇವುಗಳ ಬದಲು ಅಕ್ಕಿ ಕಡುಬು, ಅಕ್ಕಿ ಶಾವಿಗೆ ಪಾಯಸ, ಸಜ್ಜೆ ಅಥವಾ ಎಳ್ಳು ಹಚ್ಚಿದ ಜೋಳದ ರೊಟ್ಟಿ, ತಂಬಿಟ್ಟು, ಶೇಂಗಾ ಉಂಡೆಗಳನ್ನು ಮಾಡಿ ಮಗುವಿಗೂ ಹಬ್ಬವಾಗುವಂತೆ ನೋಡಿಕೊಳ್ಳಬೇಕು. ಪ್ರಸಾದಕ್ಕೆ ಹಣ್ಣು, ಪಂಚಾಮೃತ ಕೇಳಿ ಪಡೆಯಬಹುದು. ಶಾಲೆಯ ಉಪಾಧ್ಯಾಯರಿಗೂ ಬಿಸಿಯೂಟದ ಅಡುಗೆಯವರಿಗೂ ವೈದ್ಯರ ಚೀಟಿ ತೋರಿಸಿ ತಿಳಿಸಬೇಕು. ಗೋಧಿಯ ಅಡುಗೆಯ ದಿನ ಮನೆಯ ಬುತ್ತಿ ಕಳುಹಿಸಬೇಕು. ಪ್ರಯಾಣದಲ್ಲಿ ಒಣ ಜೋಳದ ರೊಟ್ಟಿ, ಚಟ್ನಿಪುಡಿ, ಅವಲಕ್ಕಿಗಿಂತ ಉತ್ತಮವಾದ ಬುತ್ತಿ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ರೋಗವನ್ನು ಮುಚ್ಚಿಡುವ ತಂದೆತಾಯಿಗಳಿದ್ದಾರೆ. ಮದುವೆಗೆ ಅಡ್ಡಿಯಾದೀತೆಂಬ ಭಯ ಅವರಿಗೆ. ಆದರೆ ಗಂಡನ ಮನೆಯಲ್ಲಿ ಹೇಳಲಾರದೆ ಗೋಧಿ ತಿನ್ನುತ್ತಾ ಬಂದ ಹೆಣ್ಣುಮಗಳಿಗೆ ರಕ್ತಹೀನತೆ ಮರುಕಳಿಸುತ್ತದೆ, ಗರ್ಭಪಾತದ ಅಪಾಯವೂ ಇರುತ್ತದೆ. ಪಥ್ಯವನ್ನು ಸರಿಯಾಗಿ ಪಾಲಿಸುವ ಹೆಣ್ಣುಮಗಳು ಉಳಿದವರಂತೆಯೇ ದುಡಿಯಬಲ್ಲಳು, ಆರೋಗ್ಯವಂತ ಮಕ್ಕಳನ್ನು ಹೆರಬಲ್ಲಳು. ಇದನ್ನು ಮೊದಲೇ ಬಿಚ್ಚಿ ಹೇಳಿ ಸಂಬಂಧ ಮಾಡುವುದೇ ಆಕೆಗೆ ಕ್ಷೇಮ.

ಧಾನ್ಯ ಮಾರುವ ರೈತರಿಗೆ

ಗೋಧಿ ಬೆರೆಯದ ರಾಗಿ, ನವಣೆ, ಜೋಳಗಳಿಗೆ ಪೇಟೆಯಲ್ಲಿ ಬೇಡಿಕೆಯಿದೆ. ಆದರೆ ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಚೀಲದ ಮೇಲೆ ಗ್ಲೂಟೆನ್ ರಹಿತವೆಂದು ಬರೆಯಬಾರದು. ರೈತರ ಗುಂಪುಗಳು, ಮಹಿಳಾ ಸ್ವಸಹಾಯ ಸಂಘಗಳು ಕೂಡಿ ಗೋಧಿ ಪ್ರವೇಶಿಸದ ಒಂದು ಶುದ್ಧೀಕರಣ ಯಂತ್ರ ಹಾಗೂ ಗಿರಣಿಯನ್ನು ಇಟ್ಟುಕೊಂಡರೆ ಸುತ್ತಲಿನ ರೋಗಿಗಳಿಗೆ ದೊಡ್ಡ ಉಪಕಾರವಾಗುವುದಲ್ಲದೆ ತಮಗೂ ಆದಾಯವಾಗುತ್ತದೆ.

ರೋಗ ಗೊತ್ತಾಗಿ ಪಥ್ಯ ಆರಂಭಿಸಿದ ಮಗು ಕೆಲವೇ ವಾರಗಳಲ್ಲಿ ಹಸಿವೆಂದು ಕೇಳತೊಡಗುತ್ತದೆ. ತಿಂಗಳುಗಳಲ್ಲಿ ತೂಕ ಏರುತ್ತದೆ. ಕರುಳಿನ ಒಳಪದರ ಕ್ರಮೇಣ ಮತ್ತೆ ಚಿಗುರುತ್ತದೆ. ಇದಕ್ಕೆ ಬೇಕಾದದ್ದು ದುಬಾರಿ ಪರದೇಶದ ಆಹಾರವಲ್ಲ. 10 ಗುಂಟೆ ರಾಗಿ, ಒಂದು ಬೇರೆ ಜರಡಿ, ಗೋಧಿ ಕಾಣದ ಬೀಸುವ ಕಲ್ಲು, ಮತ್ತು ಐದು ಕಾಳಿನ ಲೆಕ್ಕವನ್ನು ಮರೆಯದ ಮನೆಮಂದಿ ಇಷ್ಟಿದ್ದರೆ ಸಾಕು. ರೈತ ಬಾಂಧವರು ತಮ್ಮ ಮನೆಯಲ್ಲಿ ಅಲ್ಲದಿದ್ದರೂ ನೆರೆಮನೆಯಲ್ಲಿ ಇಂಥ ಮಗುವಿದ್ದರೆ ಈ ಮಾಹಿತಿಯನ್ನು ಅವರಿಗೆ ತಲುಪಿಸಬೇಕೆಂದು ಕೋರಲಾಗಿದೆ.